ಕ್ರಿಸ್ಮಸ್ ಊಟದ ಹೊತ್ತು

ಹಬ್ಬಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದೇವರನ್ನೂ ಕಥೆಯನ್ನೂ ಆಚರಣೆಯನ್ನೂ ವರ್ಣಿಸಿ, ಕೊನೆಗೆ ಅಡುಗೆಯ ಹೆಸರುಗಳನ್ನು ಹೇಳಿ ಮುಗಿಸುತ್ತಾರೆ. ಎಲೆಯ ಮೇಲೆ ಏನು ಬಡಿಸಿದರೆಂಬುದು ಬರವಣಿಗೆಯಲ್ಲಿ ಉಳಿಯುತ್ತದೆ. ಯಾವ ಹೊತ್ತಿಗೆ ಎಲೆ ಹಾಕಿದರೆಂಬುದು ಉಳಿಯುವುದು ವಿರಳ. ಆದರೆ ಹಬ್ಬದ ದಿನ ಮನೆಯೊಳಗೆ ಎಲ್ಲರ ಮನಸ್ಸಿನಲ್ಲಿ ಇರುವುದು ಆ ಹೊತ್ತಿನ ಪ್ರಶ್ನೆಯೇ. ಪೂಜೆ ಮುಗಿಯಬೇಕು, ಹೊರಗೆ ಹೋದವರು ಬರಬೇಕು, ಮಕ್ಕಳು ಹಸಿವನ್ನು ತಾಳಿಕೊಂಡಿರಬೇಕು, ಒಲೆಯ ಮುಂದಿರುವವರ ಕೆಲಸ ತೀರಬೇಕು. ಇವೆಲ್ಲವೂ ಕೂಡಿಬಂದ ಗಳಿಗೆಯೇ ಊಟದ ಗಳಿಗೆ. ಆದುದರಿಂದ ಒಂದು ಜನಾಂಗವು ತನ್ನ ಹಬ್ಬದ ಊಟಕ್ಕೆ ಯಾವಾಗ ಕುಳಿತುಕೊಳ್ಳುತ್ತದೆಂಬುದನ್ನು ತಿಳಿದವರು, ಆ ಜನಾಂಗದ ಧರ್ಮವನ್ನೂ ದುಡಿಮೆಯನ್ನೂ ಸಿರಿತನ ಬಡತನಗಳನ್ನೂ ಬಹುಮಟ್ಟಿಗೆ ತಿಳಿದಂತೆಯೇ ಸರಿ.

ಈ ಮಾತಿಗೆ ಯೂರೋಪಿನ ಕ್ರಿಸ್ಮಸ್ ಹಬ್ಬದಷ್ಟು ಒಳ್ಳೆಯ ನಿದರ್ಶನ ಬೇರೊಂದಿಲ್ಲ. ಹಬ್ಬ ಒಂದೇ, ಅದರ ಕಥೆಯೂ ಒಂದೇ. ಆದರೆ ಪೋಲೆಂಡಿನವರು ಹಿಂದಿನ ದಿನ ಸಂಜೆ ನಕ್ಷತ್ರ ಕಂಡೊಡನೆ ಉಣ್ಣುತ್ತಾರೆ; ಫ್ರಾನ್ಸಿನವರು ಹಳೆಯ ಪದ್ಧತಿಯಂತೆ ನಡುರಾತ್ರಿ ಕಳೆದಮೇಲೆ ಉಣ್ಣುತ್ತಿದ್ದರು; ಇಂಗ್ಲೆಂಡಿನವರು ಮರುದಿನ ನಡುಹಗಲು ದಾಟಿದ ಮೇಲೆ ಮೇಜಿನ ಮುಂದೆ ಕೂಡುತ್ತಾರೆ. ಈ ವ್ಯತ್ಯಾಸಗಳು ಹೇಗೆ ಹುಟ್ಟಿದುವು, ಯಾರ ಅನುಕೂಲಕ್ಕಾಗಿ ಬೆಳೆದುವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಧರ್ಮಗ್ರಂಥದ ಮಾತನ್ನು ನೋಡೋಣ. ಕ್ರೈಸ್ತರ ಸುವಾರ್ತೆಗಳಲ್ಲಿ ಏಸುವಿನ ಜನನದ ತಿಂಗಳಾಗಲಿ ತೇದಿಯಾಗಲಿ ಹೇಳಿಲ್ಲ. ರಾತ್ರಿಯ ವೇಳೆ ಮಂದೆಯನ್ನು ಕಾಯುತ್ತಿದ್ದ ಕುರುಬರಿಗೆ ಆ ಶುಭವಾರ್ತೆ ತಿಳಿಯಿತೆಂದು ಲೂಕನ ಸುವಾರ್ತೆಯಲ್ಲಿ ಮಾತ್ರ ಉಂಟು. ಡಿಸೆಂಬರ್ ೨೫ನ್ನು ಜನ್ಮದಿನವೆಂದು ಆಚರಿಸಿದುದಕ್ಕೆ ದೊರೆಯುವ ಅತ್ಯಂತ ಹಳೆಯ ಸಾಕ್ಷ್ಯವು ರೋಮ್ ನಗರದ್ದು; ಅದು ಕ್ರಿ. ಶ. ೩೩೬ಕ್ಕೆ ಸಂಬಂಧಪಟ್ಟುದು. ಊಟದ ಹೊತ್ತನ್ನು ಕುರಿತು ಯಾವ ವಿಧಿಯೂ ಗ್ರಂಥದಲ್ಲಿಲ್ಲ. ಆದರೆ ಎರಡು ಸಂಗತಿಗಳು ಆ ಹೊತ್ತನ್ನು ಪರೋಕ್ಷವಾಗಿ ನಿರ್ಣಯಿಸಿದುವು. ಮೊದಲನೆಯದು, ದಿನವು ಎಂದು ಆರಂಭವಾಗುತ್ತದೆಂಬುದು. ನಮ್ಮ ಪಂಚಾಂಗದಲ್ಲಿ ವಾರವು ಸೂರ್ಯೋದಯದಿಂದ ಆರಂಭವಾಗುತ್ತದೆ. ಯೆಹೂದ್ಯರಿಂದ ಬಂದ ಪದ್ಧತಿಯನ್ನನುಸರಿಸಿ ಕ್ರೈಸ್ತ ಸಭೆಯು ತನ್ನ ದೊಡ್ಡ ಹಬ್ಬಗಳನ್ನು ಹಿಂದಿನ ದಿನದ ಸಂಜೆಯಿಂದಲೇ ಎಣಿಸುತ್ತ ಬಂದಿತು. ಎರಡನೆಯದು, ಹಬ್ಬದ ಮುನ್ನಾದಿನ ಜಾಗರಣೆ ಮತ್ತು ಉಪವಾಸ ಮಾಡಬೇಕೆಂಬ ನಿಯಮ. ಏಕಾದಶಿಯ ಉಪವಾಸವನ್ನೂ ದ್ವಾದಶಿಯ ಪಾರಣೆಯನ್ನೂ ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಉಪವಾಸವಿದ್ದಲ್ಲಿ ಪಾರಣೆಯ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಯಾವಾಗ ಮಾಡಬೇಕೆಂಬುದೇ ಕ್ರಿಸ್ಮಸ್ ಊಟದ ಹೊತ್ತಿನ ಮೂಲ.

ಪೋಲೆಂಡಿನಲ್ಲಿ ಈ ಹಳೆಯ ರೂಪವು ಇಂದಿಗೂ ಅಚ್ಚಳಿಯದೆ ನಿಂತಿದೆ. ಡಿಸೆಂಬರ್ ೨೪ರ ಸಂಜೆಯ ಊಟಕ್ಕೆ ಅಲ್ಲಿಯವರು ‘ವಿಗಿಲಿಯಾ’ ಎನ್ನುತ್ತಾರೆ. ಇದು ಜಾಗರಣೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಆ ದಿನ ಮಾಂಸವನ್ನು ಮುಟ್ಟುವುದಿಲ್ಲ. ಮೀನು, ಬೀಟ್ ಗಡ್ಡೆಯ ಸಾರು, ಅಣಬೆ, ಎಲೆಕೋಸು, ಗಸಗಸೆಯ ಸಿಹಿ ಇವೇ ಮುಖ್ಯ ಪದಾರ್ಥಗಳು. ಹನ್ನೆರಡು ಬಗೆಯ ಭಕ್ಷ್ಯಗಳಿರಬೇಕೆಂಬುದು ಸಂಪ್ರದಾಯ. ಮೇಜಿನ ಹಾಸುಬಟ್ಟೆಯ ಕೆಳಗೆ ಒಂದಿಷ್ಟು ಒಣಹುಲ್ಲು ಹರಡುತ್ತಾರೆ. ಶಿಶು ಏಸುವು ಮಲಗಿದ ಗೋದಲಿಯ ನೆನಪು ಅದು. ಕರೆಯದೆ ಬರಬಹುದಾದ ಅತಿಥಿಗಾಗಿ ಒಂದು ತಟ್ಟೆಯನ್ನು ಹೆಚ್ಚಾಗಿ ಇಟ್ಟಿರುತ್ತಾರೆ. ಇವೆಲ್ಲ ಸಿದ್ಧವಾದರೂ ಯಾರೂ ಕೈಯಿಕ್ಕುವುದಿಲ್ಲ. ಮಕ್ಕಳು ಕಿಟಕಿಯ ಬಳಿ ನಿಂತು ಆಕಾಶದಲ್ಲಿ ಮೊದಲನೆಯ ನಕ್ಷತ್ರವನ್ನು ಹುಡುಕುತ್ತಾರೆ. ಅದು ಕಂಡಮೇಲೆ ಹಿಟ್ಟಿನ ತೆಳುವಾದ ಬಿಲ್ಲೆಯನ್ನು ಒಬ್ಬರಿಗೊಬ್ಬರು ಮುರಿದು ಕೊಟ್ಟು, ಹಾರೈಸಿ, ಅನಂತರ ಊಟಕ್ಕೆ ಕೂಡುತ್ತಾರೆ. ಆ ಋತುವಿನಲ್ಲಿ ವಾರ್ಸಾ ನಗರದಲ್ಲಿ ಸೂರ್ಯನು ಮೂರೂವರೆ ಗಂಟೆಯ ಸುಮಾರಿಗೇ ಮುಳುಗುವುದರಿಂದ ಈ ಊಟವು ನಮ್ಮ ಲೆಕ್ಕದಲ್ಲಿ ಸಂಜೆಯ ಉಪಾಹಾರದ ವೇಳೆಗೇ ಆರಂಭವಾಗಬಹುದು. ೧೯೬೬ರಲ್ಲಿ ಆರನೆಯ ಪೌಲ್ ಪೋಪರು ಕೆಥೋಲಿಕರ ಉಪವಾಸದ ನಿಯಮಗಳನ್ನು ಸಡಿಲಗೊಳಿಸಿದರು. ಆದರೆ ಪೋಲೆಂಡಿನ ಮನೆಗಳು ತಮ್ಮ ಸಂಪ್ರದಾಯವನ್ನು ಬಿಡಲಿಲ್ಲ. ನಿಯಮವು ಹೋದರೂ ನಕ್ಷತ್ರವನ್ನು ಕಾಯುವುದು ಉಳಿಯಿತು.

ಫ್ರಾನ್ಸಿನವರು ಪಾರಣೆಯನ್ನು ಇನ್ನೂ ಮುಂದಕ್ಕೆ ತಳ್ಳಿದರು. ನಡುರಾತ್ರಿಯ ಪೂಜೆಗೆ ಮೊದಲು ಹಬ್ಬದ ಊಟ ಮಾಡುವುದು ಯೋಗ್ಯವಲ್ಲವೆಂದು ಭಾವಿಸಿ, ದೇವಾಲಯದಿಂದ ಹಿಂದಿರುಗಿದ ಮೇಲೆ ಊಟಕ್ಕೆ ಕುಳಿತರು. ಈ ಊಟಕ್ಕೆ ‘ರೆವೆಯೋಂ’ ಎಂದು ಹೆಸರು. ಎಚ್ಚರಗೊಳ್ಳುವುದು ಎಂಬರ್ಥದ ಧಾತುವಿನಿಂದ ಇದು ನಿಷ್ಪನ್ನವಾಗಿದೆ. ಇತ್ತೀಚೆಗೆ ಅನೇಕ ಮನೆಗಳಲ್ಲಿ ಇದು ಸಂಜೆಗೇ ನಡೆಯುತ್ತದೆಯಾದರೂ ಹೆಸರಿನಲ್ಲಿ ಹಳೆಯ ಜಾಗರಣೆ ಅಡಗಿದೆ. ನಮ್ಮ ಮಂಗಳೂರು ಸೀಮೆಯ ಕೆಥೋಲಿಕ ಮನೆಗಳಲ್ಲಿಯೂ ರಾತ್ರಿಯ ಪೂಜೆ ಮುಗಿಸಿ ಬಂದು ‘ಕುಸ್ವಾರ್’ ಎಂಬ ಹಬ್ಬದ ತಿಂಡಿಗಳನ್ನು ಸವಿಯುವುದುಂಟು. ಅದರಲ್ಲಿ ಸೇರುವ ನೆವ್ರಿಯು ನಮ್ಮ ಕರ್ಜಿಕಾಯಿಯ ಒಡಹುಟ್ಟಿದುದೇ ಆಗಿದೆ.

ಉತ್ತರದ ದೇಶಗಳಲ್ಲಿ ಹೊತ್ತನ್ನು ಸಾರುವುದು ಘಂಟಾನಾದ. ನಾರ್ವೆ ದೇಶದಲ್ಲಿ ಡಿಸೆಂಬರ್ ೨೪ರ ಸಂಜೆ ಐದು ಗಂಟೆಗೆ ದೇವಾಲಯದ ಘಂಟೆಗಳು ಮೊಳಗಿದಾಗ ಹಬ್ಬ ಬಂದಿತೆಂದು ಅರ್ಥ. ಐಸ್ಲೆಂಡಿನಲ್ಲಿ ಸಂಜೆ ಆರಕ್ಕೆ ರಾಜಧಾನಿಯ ದೇವಾಲಯದ ಘಂಟೆಗಳ ದನಿ ರೇಡಿಯೋದಲ್ಲಿ ಕೇಳಿಬಂದೊಡನೆ ಮನೆಮಂದಿ ಪರಸ್ಪರ ಶುಭಾಶಯ ಹೇಳಿ ಊಟಕ್ಕೆ ಕೂಡುತ್ತಾರೆ. ೧೮೯೪ರಲ್ಲಿ ನಮಗೆ ಮಹಾನಿಘಂಟನ್ನಿತ್ತ ಕಿಟ್ಟೆಲ್ಲರ ತಾಯ್ನಾಡಾದ ಜರ್ಮನಿಯಲ್ಲಿ ಊಟವು ಎರಡಾಗಿದೆ. ೨೪ರ ರಾತ್ರಿ ಉಡುಗೊರೆಗಳನ್ನು ಹಂಚಿಕೊಳ್ಳುವ ಸಂಭ್ರಮವಿರುವುದರಿಂದ ಬಹಳ ಮನೆಗಳಲ್ಲಿ ಆಲೂಗಡ್ಡೆಯ ಸರಳವಾದ ಊಟ. ೨೫ರ ನಡುಹಗಲು ಬಾತುಕೋಳಿಯ ದೊಡ್ಡ ಊಟ.

ಇಲ್ಲಿಯವರೆಗೆ ಹೇಳಿದ ದೇಶಗಳಲ್ಲಿ ಹೊತ್ತನ್ನು ಗೊತ್ತುಮಾಡಿದುದು ಸಂಜೆಯೂ ಪೂಜೆಯೂ ಉಪವಾಸವೂ ಆಗಿವೆ. ಇಂಗ್ಲೆಂಡಿಗೆ ಬಂದರೆ ಕಥೆ ಬೇರೆಯಾಗುತ್ತದೆ. ಅಲ್ಲಿ ಧರ್ಮದ ಹಿಡಿತ ಸಡಿಲಿದ ಮೇಲೆ ಆ ಸ್ಥಾನಕ್ಕೆ ಅಂತಸ್ತು ಬಂದಿತು. ಅಂತಸ್ತಿನ ಹಿಂದೆ ದುಡಿಮೆಯೂ, ದುಡಿಮೆಯ ಹಿಂದೆ ಯಂತ್ರವೂ ಬಂದುವು.

ಇಂಗ್ಲಿಷ್ ಪಾಠದಲ್ಲಿ ‘ಡಿನ್ನರ್’ ಎಂಬ ಮಾತು ಬಂದೊಡನೆ ನಮ್ಮ ವಿದ್ಯಾರ್ಥಿಗಳು ಅದನ್ನು ರಾತ್ರಿಯ ಊಟವೆಂದು ಬರೆಯುತ್ತಾರೆ. ಹಳೆಯ ಗ್ರಂಥಗಳಿಗೆ ಈ ಅರ್ಥ ಹೊಂದುವುದಿಲ್ಲ. ಆ ಶಬ್ದವು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದುದು. ಅದರ ಮೂಲಾರ್ಥ ಉಪವಾಸವನ್ನು ಮುರಿಯುವುದು ಎಂದು. ಎಂದರೆ ನಮ್ಮ ‘ಪಾರಣೆ’ಗೆ ಅದು ಅತಿ ಸಮೀಪದ ಶಬ್ದ. ಬೆಳಗಿನ ಉಪಾಹಾರಕ್ಕೆ ಹೇಳುವ ‘ಬ್ರೇಕ್‌ಫಾಸ್ಟ್’ ಎಂಬುದಕ್ಕೂ ಇದೇ ಅರ್ಥವಿರುವುದು ವಿನೋದಕರವಾಗಿದೆ. ಒಂದೇ ಅರ್ಥದ ಎರಡು ಶಬ್ದಗಳಲ್ಲಿ ಒಂದು ಮುಂಜಾನೆಯಲ್ಲಿ ನಿಂತಿತು, ಇನ್ನೊಂದು ದಿನದ ಪ್ರಧಾನ ಭೋಜನದ ಹೆಸರಾಗಿ ಶತಮಾನದಿಂದ ಶತಮಾನಕ್ಕೆ ಸಂಜೆಯತ್ತ ಜಾರುತ್ತ ಹೋಯಿತು. ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿಯು ೧೫೭೭ರಲ್ಲಿ ಪ್ರಕಟವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ ಕಾಲಕ್ರಮೇಣ ಸೇರಿಸಿದ ವಿವರಗಳ ಪ್ರಕಾರ, ಶ್ರೀಮಂತರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹನ್ನೊಂದಕ್ಕೆ ಉಣ್ಣುತ್ತಿದ್ದರು. ಲಂಡನ್ನಿನ ವರ್ತಕರು ಹನ್ನೆರಡಕ್ಕೆ ಮೊದಲು ಉಣ್ಣುತ್ತಿದ್ದುದು ಅಪೂರ್ವ. ಬೇಸಾಯಗಾರರಿಗೆ ನೆತ್ತಿಯ ಮೇಲೆ ಸೂರ್ಯ ಬಂದಾಗ ಊಟ. ಆ ಕಾಲದ ಕ್ರಿಸ್ಮಸ್ ಊಟವೂ ನಡುಹಗಲಿನ ಊಟವೇ.

ಹದಿನೇಳನೆಯ ಶತಮಾನದಲ್ಲಿ ಈ ಊಟಕ್ಕೆ ಒಂದು ವಿಪತ್ತು ಒದಗಿತು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದ ದಿನಗಳಲ್ಲಿ ಮೇಲುಗೈ ಪಡೆದ ಪ್ಯೂರಿಟನ್ ಪಂಥದವರು, ಧರ್ಮಗ್ರಂಥದಲ್ಲಿಲ್ಲದ ಹಬ್ಬವನ್ನು ಆಚರಿಸಕೂಡದೆಂದರು. ತಿಂಗಳ ಕೊನೆಯ ಬುಧವಾರವನ್ನು ಉಪವಾಸದ ದಿನವೆಂದು ಅವರು ವಿಧಿಸಿದ್ದರು. ೧೬೪೪ರಲ್ಲಿ ಕ್ರಿಸ್ಮಸ್ ಆ ಬುಧವಾರವೇ ಬಂದಿತು. ಅಂದು ಉಪವಾಸವನ್ನೇ ಆಚರಿಸತಕ್ಕದ್ದೆಂದು ಪಾರ್ಲಿಮೆಂಟು ಆಜ್ಞೆ ಮಾಡಿತು. ಆ ವರ್ಷ ಹಬ್ಬದ ಊಟಕ್ಕೆ ಎಷ್ಟು ಗಂಟೆಗೆ ಕೂಡಬೇಕೆಂಬ ಪ್ರಶ್ನೆಗೆ, ಕೂಡಲೇ ಬಾರದು ಎಂಬುದು ಸರಕಾರದ ಉತ್ತರವಾಗಿದ್ದಿತು. ೧೬೪೭ರಲ್ಲಿ ಹಬ್ಬವನ್ನೇ ರದ್ದುಪಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿ ಪಟ್ಟಣದಲ್ಲಿ ಅಂಗಡಿಗಳನ್ನು ತೆರೆಯಬೇಕೆಂಬ ಆಜ್ಞೆಯ ವಿರುದ್ಧ ಜನರು ದಂಗೆಯೆದ್ದರು.

ಆದರೂ ಮನೆಯೊಳಗಿನ ಊಟವು ಅಳಿಯಲಿಲ್ಲ. ಜಾನ್ ಎವೆಲಿನ್ ಎಂಬ ಗೃಹಸ್ಥನ ದಿನಚರಿಯಲ್ಲಿ ಇದಕ್ಕೆ ಸಾಕ್ಷ್ಯವಿದೆ. ೧೬೫೭ರ ಕ್ರಿಸ್ಮಸ್ ದಿನ ಲಂಡನ್ನಿನ ಒಂದು ಪ್ರಾರ್ಥನಾಮಂದಿರದಲ್ಲಿ ಅವನು ಪೂಜೆಯಲ್ಲಿದ್ದಾಗ ಸೈನಿಕರು ಸುತ್ತುವರಿದು ಭಕ್ತರನ್ನೆಲ್ಲ ಸೆರೆಹಿಡಿದರು. ಎವೆಲಿನ್ನನನ್ನು ಆ ಭವನದಲ್ಲಿಯೇ ಒಂದು ಕೋಣೆಯಲ್ಲಿ ಕೂಡಿಟ್ಟರು. ಆದರೆ ಮನೆಯ ಯಜಮಾನನೊಡನೆ ಊಟ ಮಾಡಲು ಬಿಟ್ಟರು. ವಿಚಾರಣೆ ನಡೆಸುವ ಅಧಿಕಾರಿಗಳು ಬಂದುದು ಅಪರಾಹ್ನದಲ್ಲಿ. ಹಬ್ಬವು ಅಪರಾಧವಾಗಿದ್ದಾಗಲೂ ಊಟದ ಹೊತ್ತನ್ನು ಸೈನಿಕರೂ ಮನ್ನಿಸಿದರೆಂಬುದು ಗಮನಾರ್ಹ. ೧೬೬೦ರಲ್ಲಿ ರಾಜನು ಮರಳಿ ಬಂದನು; ಹಬ್ಬವೂ ಮರಳಿತು. ೧೬೬೨ರ ಕ್ರಿಸ್ಮಸ್ ದಿನ ಸ್ಯಾಮ್ಯುಯಲ್ ಪೀಪ್ಸ್ ಎಂಬ ಮತ್ತೊಬ್ಬ ದಿನಚರಿಕಾರನು ರಾಜಮಂದಿರದ ಪೂಜೆಯನ್ನು ಮುಗಿಸಿ ಮನೆಗೆ ಬಂದು, ಕಾಯಿಲೆಯಿಂದಿದ್ದ ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ತೃಪ್ತಿಯಿಂದ ಉಂಡನು. ಆಕೆಗೆ ಅಡುಗೆ ಮಾಡಲು ಆಗದಿದ್ದುದರಿಂದ ಹಬ್ಬದ ಕಡುಬನ್ನು ಹೊರಗಿನಿಂದ ತರಿಸಿದನು.

ಹದಿನೆಂಟನೆಯ ಶತಮಾನದಲ್ಲಿ ಊಟದ ಹೊತ್ತು ಮುಂದೆ ಮುಂದೆ ಸರಿಯತೊಡಗಿತು. ಬೆಳಗಿನಿಂದ ಸಂಜೆಯವರೆಗೆ ವ್ಯವಹಾರದಲ್ಲಿ ತೊಡಗಿದ ನಗರದವರು ಕೆಲಸ ಮುಗಿಸಿ ಉಣ್ಣುವುದನ್ನು ರೂಢಿಸಿಕೊಂಡರು. ಇನ್ನೊಂದು ಕಾರಣ ದೀಪ. ಬಿಸಿಲಿನಲ್ಲಿ ಉಣ್ಣುವವರಿಗೆ ಬೆಳಕು ಪುಕ್ಕಟೆ. ಕತ್ತಲಾದ ಮೇಲೆ ಉಣ್ಣಬೇಕಾದರೆ ಬೆಲೆಬಾಳುವ ಮೇಣದ ಬತ್ತಿಗಳನ್ನು ಸಾಲಾಗಿ ಹೊತ್ತಿಸಬೇಕು. ತಡವಾಗಿ ಉಣ್ಣುವುದು ಹೀಗೆ ಸಿರಿಯ ಲಕ್ಷಣವಾಯಿತು. ೧೭೯೮ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಒಂದು ವಾರ ಮೊದಲು, ಕಾದಂಬರಿಕಾರ್ತಿ ಜೇನ್ ಆಸ್ಟೆನ್ ತನ್ನ ಅಕ್ಕನಿಗೆ ಒಂದು ಕಾಗದ ಬರೆದಳು. ಆಕೆ ಹಳ್ಳಿಯ ಪಾದ್ರಿಯ ಮಗಳು. ಅಕ್ಕನು ಆಗ ಕೆಂಟ್ ಪ್ರಾಂತದಲ್ಲಿ ಸಿರಿವಂತನಾದ ಅಣ್ಣನ ಮನೆಯಲ್ಲಿದ್ದಳು. ನಾವಿಲ್ಲಿ ಮೂರೂವರೆಗೇ ಊಟಕ್ಕೆ ಕೂಡುತ್ತೇವೆ, ನೀವು ಆರಂಭಿಸುವ ಮೊದಲೇ ನಮ್ಮದು ಮುಗಿದಿರುತ್ತದೆ, ನಿಮಗೆ ನಾವು ಅಗ್ಗವಾಗಿ ಕಂಡೇವು ಎಂಬ ಭಾವದ ಹಾಸ್ಯ ಆ ಕಾಗದದಲ್ಲಿದೆ. ಹಾಸ್ಯವೇ ಆದರೂ, ಎರಡು ಮನೆಗಳ ಅಂತಸ್ತನ್ನು ಊಟದ ಗಂಟೆಯಿಂದ ಅಳೆಯುತ್ತಿದ್ದರೆಂಬುದು ಇದರಿಂದ ಸ್ಪಷ್ಟ. ೧೮೧೨ರಲ್ಲಿ ಲಂಡನ್ನಿನಲ್ಲಿ ಅನಿಲದೀಪದ ಕಂಪೆನಿ ಸ್ಥಾಪಿತವಾಯಿತು. ರಾತ್ರಿಗಳು ಬೆಳಗಿದಂತೆಲ್ಲ ದೊಡ್ಡ ಮನೆಗಳ ಊಟ ಏಳು ಗಂಟೆಗೂ ಎಂಟು ಗಂಟೆಗೂ ಏರಿತು.

ಬಡವರ ಸಂಗತಿ ಹೀಗಿರಲಿಲ್ಲ. ನಗರದ ಬಡ ಮನೆಗಳಲ್ಲಿ ಅಗ್ಗಿಷ್ಟಿಕೆಯುಂಟು, ದೊಡ್ಡ ಹಕ್ಕಿಯನ್ನು ಬೇಯಿಸತಕ್ಕ ಒಲೆಗೂಡು ಇಲ್ಲ. ಭಾನುವಾರವೂ ಕ್ರಿಸ್ಮಸ್ ದಿನವೂ ರೊಟ್ಟಿಯಂಗಡಿಗಳು ರೊಟ್ಟಿ ಸುಡುತ್ತಿರಲಿಲ್ಲ. ಆ ಒಲೆಗಳಲ್ಲಿ ಬಡವರು ಅಲ್ಪ ಹಣ ಕೊಟ್ಟು ತಮ್ಮ ಊಟವನ್ನು ಬೇಯಿಸಿಕೊಳ್ಳುತ್ತಿದ್ದರು. ಚಾರ್ಲ್ಸ್ ಡಿಕನ್ಸ್ ೧೮೪೩ರ ಡಿಸೆಂಬರ್ ೧೯ರಂದು ಪ್ರಕಟಿಸಿದ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯಲ್ಲಿ ಈ ದೃಶ್ಯ ಇಡಿಯಾಗಿ ಬಂದಿದೆ. ದೇವಾಲಯದ ಘಂಟೆಗಳು ಬಾರಿಸುತ್ತಿರುವಾಗಲೇ ಗಲ್ಲಿಗಲ್ಲಿಗಳಿಂದ ಜನರು ತಮ್ಮ ಊಟವನ್ನು ಹೊತ್ತು ರೊಟ್ಟಿಯಂಗಡಿಗೆ ಹೋಗುತ್ತಾರೆ. ವಾರಕ್ಕೆ ಹದಿನೈದು ಷಿಲಿಂಗು ಸಂಬಳದ ಗುಮಾಸ್ತ ಕ್ರ್ಯಾಚಿಟ್ಟನ ಮನೆಯ ಬಾತುಕೋಳಿಯೂ ಅಂಗಡಿಯ ಒಲೆಯಲ್ಲಿಯೇ ಬೆಂದುದು. ಆ ದಿನದ ರಜೆಯನ್ನು ಒಡೆಯನಾದ ಸ್ಕ್ರೂಜ್ ಗೊಣಗಿಕೊಂಡೇ ಕೊಟ್ಟಿದ್ದನು. ಗುಮಾಸ್ತನು ಕುಂಟನಾದ ಚಿಕ್ಕ ಮಗನನ್ನು ಹೆಗಲ ಮೇಲೆ ಹೊತ್ತು ದೇವಾಲಯದಿಂದ ಬಂದಮೇಲೆ, ದೊಡ್ಡ ಮಕ್ಕಳು ಓಡಿಹೋಗಿ ಹಕ್ಕಿಯನ್ನು ತಂದಮೇಲೆ, ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಬಡವರ ಹಬ್ಬದ ಹೊತ್ತನ್ನು ಪೂಜೆ, ಒಡೆಯನ ಅಪ್ಪಣೆ, ಅಂಗಡಿಯ ಒಲೆ ಈ ಮೂರೂ ಸೇರಿ ನಿರ್ಣಯಿಸುತ್ತಿದ್ದುವು.

ಈ ಅಂಗಡಿಗಳನ್ನೂ ಭಾನುವಾರ ಮುಚ್ಚಿಸಬೇಕೆಂದು ೧೮೩೦ರ ದಶಕದಲ್ಲಿ ಪಾರ್ಲಿಮೆಂಟಿನಲ್ಲಿ ಮಸೂದೆಗಳು ಬಂದಿದ್ದುವು. ಸರ್ ಆಂಡ್ರೂ ಆಗ್ನ್ಯೂ ಎಂಬ ಸದಸ್ಯನು ಅವುಗಳ ಪ್ರವರ್ತಕ. ಮನೆಯಲ್ಲಿ ಅಡುಗೆಯವರನ್ನಿಟ್ಟುಕೊಂಡವರಿಗೆ ಇದರಿಂದ ಯಾವ ಬಾಧೆಯೂ ಇರಲಿಲ್ಲ. ವಾರಕ್ಕೊಮ್ಮೆ ಮಾತ್ರ ಬಿಸಿಯೂಟ ಕಾಣುವವರಿಗೆ ಅದೂ ತಪ್ಪುತ್ತಿತ್ತು. ೧೮೩೬ರಲ್ಲಿ ಡಿಕನ್ಸ್ ಗುಪ್ತನಾಮದಿಂದ ಒಂದು ಕಿರುಹೊತ್ತಗೆ ಬರೆದು ಇದನ್ನು ಖಂಡಿಸಿದನು. ಕ್ರಿಸ್ಮಸ್ ಕಥೆಯೊಳಗೂ ಸ್ಕ್ರೂಜನು ಭೂತದೊಡನೆ ಇದೇ ವಿಷಯವನ್ನು ಚರ್ಚಿಸುತ್ತಾನೆ. ಮಕ್ಕಳ ಕಥೆಯೆಂದು ನಾವು ಓದುವ ಆ ಗ್ರಂಥದ ಒಡಲಲ್ಲಿ ಬಡವರ ಊಟದ ಹೊತ್ತಿನ ವಾದವಿದೆ.

ಇನ್ನು ಅಡುಗೆ ಮಾಡಿ ಬಡಿಸುವವರ ಪಾಡು. ದೊಡ್ಡ ಮನೆಗಳ ಒಡೆಯರು ರಾತ್ರಿ ಉಣ್ಣುತ್ತಿದ್ದಾಗ ಆಳುಗಳು ತಮ್ಮ ಊಟವನ್ನು ಹಗಲೇ ಮುಗಿಸಿ ಕೆಲಸಕ್ಕೆ ನಿಲ್ಲುತ್ತಿದ್ದರು. ಅವರಿಗೆ ಹಬ್ಬವು ಮರುದಿನ, ಡಿಸೆಂಬರ್ ೨೬ರಂದು. ಅಂದು ಆಳುಗಳಿಗೂ ಅಂಗಡಿಯ ಹುಡುಗರಿಗೂ ಇನಾಮು ಕೊಡುವ ವಾಡಿಕೆಯಿದ್ದುದರಿಂದ ಅದಕ್ಕೆ ‘ಬಾಕ್ಸಿಂಗ್ ಡೇ’ ಎಂದು ಹೆಸರಾಯಿತು. ೧೮೭೧ರ ಶಾಸನವು ಇಂಗ್ಲೆಂಡಿನಲ್ಲಿ ಅದನ್ನು ಬ್ಯಾಂಕುಗಳ ರಜೆಯಾಗಿ ಮಾಡಿತು. ನೆರೆಯ ಸ್ಕಾಟ್ಲೆಂಡಿನಲ್ಲಿ ಪ್ಯೂರಿಟನ್ನರ ಬಂಧುಗಳಾದ ಪಂಥದವರ ಪ್ರಭಾವ ಎಷ್ಟು ದೀರ್ಘವಾಗಿತ್ತೆಂದರೆ, ಕ್ರಿಸ್ಮಸ್ ಅಲ್ಲಿ ಸಾರ್ವಜನಿಕ ರಜೆಯಾದುದು ೧೯೫೮ರಲ್ಲಿ. ಅದುವರೆಗೆ ಎಷ್ಟೋ ಮಂದಿ ಅಂದೂ ದುಡಿದು, ಸಂಜೆ ಮನೆಗೆ ಬಂದು ಉಣ್ಣುತ್ತಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಹೊತ್ತನ್ನು ನಿರ್ಣಯಿಸಲು ಒಂದು ಯಂತ್ರವು ಬಂದಿತು. ೧೯೩೨ರ ಡಿಸೆಂಬರ್ ೨೫ರಂದು ಐದನೆಯ ಜಾರ್ಜ್ ದೊರೆಯು ತನ್ನ ಸ್ಯಾಂಡ್ರಿಂಗಂ ನಿವಾಸದಿಂದ ರೇಡಿಯೋದಲ್ಲಿ ಮೊದಲ ಬಾರಿಗೆ ಹಬ್ಬದ ಭಾಷಣ ಮಾಡಿದನು. ಭಾಷಣವನ್ನು ಬರೆದುಕೊಟ್ಟವನು ಕವಿ ಕಿಪ್ಲಿಂಗ್. ಅಪರಾಹ್ನ ಮೂರು ಗಂಟೆಯನ್ನು ಆರಿಸಿದುದು ಇಂಗ್ಲೆಂಡಿನ ಗೃಹಿಣಿಯರ ಅನುಕೂಲಕ್ಕಾಗಿ ಅಲ್ಲ. ಹ್ರಸ್ವತರಂಗಗಳ ಮೂಲಕ ಸಾಮ್ರಾಜ್ಯದ ಬಹುಭಾಗವನ್ನು ಮುಟ್ಟಲು ಆ ವೇಳೆಯೇ ಅನುಕೂಲವಾಗಿದ್ದಿತು. ಆಗ ಭಾರತೀಯ ಕಾಲಮಾನದಲ್ಲಿ ರಾತ್ರಿ ಎಂಟೂವರೆ. ಹೀಗೆ ಪರದೇಶಗಳನ್ನು ಆಳುವ ಸೌಕರ್ಯಕ್ಕಾಗಿ ಗೊತ್ತಾದ ಗಂಟೆಯು ಆಳುವವರ ಅಡುಗೆಮನೆಯನ್ನೇ ಆಳತೊಡಗಿತು. ಮೂರಕ್ಕೆ ಮೊದಲು ಊಟ ಮುಗಿಯಬೇಕು, ಇಲ್ಲವೆ ಮೂರಾದ ಮೇಲೆ ಆರಂಭವಾಗಬೇಕು ಎಂಬ ಲೆಕ್ಕಾಚಾರ ಮನೆಮನೆಗೂ ಬಂದಿತು. ೧೯೫೭ರಿಂದ ಎರಡನೆಯ ಎಲಿಜಬೆತ್ ರಾಣಿಯ ಭಾಷಣ ದೂರದರ್ಶನದಲ್ಲಿಯೂ ಬಂದಿತು. ೨೦೨೨ರಿಂದ ಮೂರನೆಯ ಚಾರ್ಲ್ಸ್ ದೊರೆ ಮಾತನಾಡುತ್ತಾನೆ. ಸಾಮ್ರಾಜ್ಯವು ಕರಗಿಹೋಯಿತು, ಮೂರು ಗಂಟೆ ಮಾತ್ರ ಹಾಗೆಯೇ ಉಳಿದಿದೆ.

ಕೊನೆಯಲ್ಲಿ ಮತ್ತೆ ಪೋಲೆಂಡಿನ ಕಡೆಗೆ ಒಮ್ಮೆ ನೋಡಬೇಕು. ೧೭೯೫ರಲ್ಲಿ ನೆರೆಯ ಮೂರು ದೊಡ್ಡ ರಾಜ್ಯಗಳು ಆ ದೇಶವನ್ನು ಸಂಪೂರ್ಣವಾಗಿ ಹಂಚಿಕೊಂಡುವು. ೧೯೧೮ರವರೆಗೆ ೧೨೩ ವರ್ಷಗಳ ಕಾಲ ಭೂಪಟದಲ್ಲಿ ಪೋಲೆಂಡ್ ಎಂಬ ರಾಜ್ಯವಿರಲಿಲ್ಲ. ಜರ್ಮನ್ ಆಳ್ವಿಕೆಗೆ ಸೇರಿದ ವ್ಜೆಶ್ನ್ಯ ಪಟ್ಟಣದಲ್ಲಿ, ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲೊಲ್ಲೆವೆಂದ ಶಾಲೆಯ ಮಕ್ಕಳು ೧೯೦೧ರಲ್ಲಿ ಏಟು ತಿಂದರು. ಗಡಿಗಳು ಮೂರಾಗಿದ್ದ ಆ ಕಾಲದಲ್ಲಿಯೂ ಮನೆಯೊಳಗೆ ಪೋಲಿಷ್ ಮಾತಿನಲ್ಲಿ ಹಾಡು ಹೇಳಿಕೊಂಡು, ನಕ್ಷತ್ರ ಮೂಡಿದಾಗ ಬಿಲ್ಲೆಯನ್ನು ಮುರಿದು ಹಂಚಿಕೊಂಡು ಉಣ್ಣುವುದು ನಿಲ್ಲಲಿಲ್ಲ. ನಕ್ಷತ್ರವು ಯಾವ ಸರಕಾರದ ಗಡಿಯಾರಕ್ಕೂ ಅಧೀನವಲ್ಲವಷ್ಟೆ!

ಅದೇ ದೇಶವು ಸ್ವತಂತ್ರವಾಗಿ ಎಷ್ಟೋ ಕಾಲ ಕಳೆದ ಮೇಲೂ ಡಿಸೆಂಬರ್ ೨೪ ಅಲ್ಲಿ ಕೆಲಸದ ದಿನವಾಗಿಯೇ ಇದ್ದಿತು. ಅಂಗಡಿಯಲ್ಲಿ ಮಾರುವ ಹೆಂಗಸು ಇತರರಿಗೆ ಹಬ್ಬದ ಸಾಮಾನು ಕೊಟ್ಟು, ಮನೆಗೆ ಓಡಿಬಂದು, ಹನ್ನೆರಡು ಭಕ್ಷ್ಯಗಳ ಮುಂದೆ ದಣಿದು ನಿಲ್ಲಬೇಕಾಗಿತ್ತು. ಈ ವಿಷಯ ಚರ್ಚೆಗೆ ಬಂದು, ೨೦೨೫ರಿಂದ ಆ ದಿನವನ್ನು ಶಾಸನದಿಂದಲೇ ರಜೆಯ ದಿನವನ್ನಾಗಿ ಮಾಡಿದ್ದಾರೆ.

ಊಟದ ಹೊತ್ತಿನ ಇತಿಹಾಸವು ಇಷ್ಟನ್ನು ತೋರಿಸುತ್ತದೆ. ಆಕಾಶವೂ ದೇವಾಲಯವೂ ಮೊದಲು ಆ ಹೊತ್ತನ್ನು ಕೊಟ್ಟುವು. ದೀಪವುಳ್ಳವರು ಅದನ್ನು ರಾತ್ರಿಗೆ ಒಯ್ದರು. ಒಲೆಯಿಲ್ಲದವರು ಅಂಗಡಿಯ ಬಾಗಿಲಲ್ಲಿ ಅದಕ್ಕಾಗಿ ಕಾದರು. ರೇಡಿಯೋ ಅದಕ್ಕೆ ಗಂಟೆ ಕಟ್ಟಿತು. ಇಷ್ಟೆಲ್ಲ ಬದಲಾದರೂ ಎಲ್ಲ ಕಾಲದ ಜನರೂ ಬಯಸಿದುದು ಒಂದನ್ನೇ: ಮನೆಯವರಲ್ಲಿ ಒಬ್ಬರೂ ಹೊರಗುಳಿಯದೆ, ಅಡುಗೆ ಮಾಡಿದವರೂ ಕೂಡಿ, ಒಟ್ಟಿಗೆ ಕುಳಿತು ಉಣ್ಣುವುದನ್ನು. ಹಬ್ಬದ ಊಟಕ್ಕೆ ಸರಿಯಾದ ಹೊತ್ತು ಯಾವುದೆಂದು ಕೇಳುವವರಿಗೆ, ಬಡಿಸುವ ಕೈಗೂ ಬಿಡುವು ದೊರೆತ ಹೊತ್ತು ಎಂಬುದೇ ತಕ್ಕ ಉತ್ತರ. ಈ ಉತ್ತರವು ಒಂದು ಮತಕ್ಕೆ, ಒಂದು ದೇಶಕ್ಕೆ ಮೀಸಲಾದುದಲ್ಲ. ನಮ್ಮ ನಮ್ಮ ಮನೆಗಳ ಹಬ್ಬಗಳಿಗೂ ಸಲ್ಲುವಂಥದು.